ಉಪ್ಪುಕಾಗದದ ಮೇಲಿನ ತೋಳ

ನನಗಾಗ ಅರವತ್ತಾರು. ಈಗ್ಗೆ ಎರಡು ವರ್ಷದ ಮಾತು. ಹೆಂಗಸರಿಗೆ ಬಸ್ಸು ಫ್ರೀ ಆಗಿ ಏಳೆಂಟು ತಿಂಗಳಾಗಿತ್ತು. ಬೀರೂರಲ್ಲಿ ನಮ್ಮ ಬೀದಿಯವರು ನನ್ನ ನೋಡಿ, "ಅಜ್ಜಿ ಬಸ್ಸಲ್ಲೇ ಸಂಸಾರ ಹೂಡೈತೆ ಕಣ್ರೀ" ಅಂತ ಆಡಿಕೊಳ್ತಿದ್ದರು. ಆಡಿಕೊಳ್ಳಲಿ. ಹದಿನೈದು ವರ್ಷ ಸ್ಕೂಲಿನ ಬಿಸಿಯೂಟದ ಒಲೆ ಮುಂದೆ ಬೆಂದವಳು ನಾನು. ಗಂಡ ಸತ್ತ ತಿಂಗಳಲ್ಲೇ ಮತ್ತೆ ಸೌಟು ಹಿಡಿದವಳು. ಮೂರು ಸ್ಟಾಪಿನಾಚೆ ಏನಿದೆ ಅಂತ ನೋಡಿರಲಿಲ್ಲ. ನೋಡೋಣ ಅಂತ ಹೊರಟೆ. ನೋಡಿದ್ದನ್ನು ಬರೆದೆ. ಬರೆದದ್ದರಲ್ಲಿ ಒಂದು ಚಿತ್ರ ನಾಲ್ಕು ಮರಿಗಳ ಜೀವಕ್ಕೆ ಕುತ್ತಾಯಿತು. ಅದನ್ನೇ ಹೇಳ್ತೀನಿ.

ಬಣ್ಣ ಕೊಟ್ಟವರು ಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು. ನಾನು ಕೆಲಸ ಬಿಟ್ಟ ವರ್ಷವೇ ಅವರೂ ರಿಟೈರ್ ಆದರು. ಬೀರು ಖಾಲಿ ಮಾಡುವಾಗ ಒಂದು ರಟ್ಟಿನ ಪೆಟ್ಟಿಗೆ ನನ್ನ ಕೈಗೆ ಹಾಕಿ, "ಸಾಫ್ಟ್ ಪೇಸ್ಟಲ್ ಕಣಮ್ಮ. ಹಲಗೆ ಮೇಲೆ ಬರೆಯೋ ಬಳಪ ಅಲ್ಲ. ಮುಟ್ಟಿದ್ರೆ ಉದುರುತ್ತೆ, ಉಜ್ಜಿದ್ರೆ ಅಂಟುತ್ತೆ" ಅಂದರು. ಮೂವತ್ತಾರು ಬಣ್ಣ. ಅರ್ಧ ಮುರಿದಿದ್ದವು. ನೀಲಿ ಮಾತ್ರ ಹಂಗೇ ಇತ್ತು, ಯಾವ ಮಕ್ಕಳೂ ಮುಟ್ಟಿರಲಿಲ್ಲ. ನಾನೂ ಹೆಚ್ಚು ಮುಟ್ಟಲಿಲ್ಲ. ನಮ್ಮ ಕಡೆ ಆಕಾಶ ನೀಲಿ ಇರೋದು ವರ್ಷಕ್ಕೆ ನಾಲ್ಕು ದಿನ. ಉಳಿದಂತೆ ಅದು ಮಜ್ಜಿಗೆ ಬಣ್ಣ.

ಬಳಪ ಒಂದಕ್ಕೊಂದು ತಾಗಿ ಕೊಳೆಯಾಗದಿರಲಿ ಅಂತ ಬಿಸ್ಕತ್ತು ಡಬ್ಬಿಗೆ ನುಚ್ಚಕ್ಕಿ ಸುರಿದು ಅದರೊಳಗೆ ಹೂತಿಡುತ್ತಿದ್ದೆ. ಅಲ್ಲಾಡಿದಷ್ಟೂ ನುಚ್ಚು ಬಳಪವನ್ನು ಒರೆಸುತ್ತೆ. ಇದನ್ನು ಯಾರೂ ಹೇಳಿಕೊಡಲಿಲ್ಲ. ಅಡುಗೆಯವಳಿಗೆ ಹೊಳೆದ ಬುದ್ಧಿ.

ಮೊದಮೊದಲು ನೋಟ್ ಬುಕ್ಕಿನ ಹಾಳೆ ಮೇಲೆ ಬರೆದೆ. ತರೀಕೆರೆಯಲ್ಲಿ ಕೆರೆ ಏರಿ ಮೇಲೆ ಕೂತು ಒಂದು ಮಧ್ಯಾಹ್ನ ಪೂರ್ತಿ ಕೊಕ್ಕರೆ ಬರೆದೆ. ಮನೆಗೆ ಬರೋ ಹೊತ್ತಿಗೆ ಕೊಕ್ಕರೆಯೆಲ್ಲ ನನ್ನ ಸೆರಗಿಗೆ ಬಂದಿದ್ದವು, ಹಾಳೆ ಬೋಳು. ಆಮೇಲೆ ಅಟ್ಟದಲ್ಲಿ ಗಂಡನ ಗಂಟು ನೆನಪಾಯಿತು. ಅವನು ಕುರ್ಚಿ ಮೇಜು ಮಾಡೋ ಅಂಗಡಿಯಲ್ಲಿ ಪಾಲಿಶ್ ಹಾಕುತ್ತಿದ್ದ. ಮರ ಉಜ್ಜುವ ಉಪ್ಪುಕಾಗದ, ಅದೇ ಮರಳು ಅಂಟಿಸಿದ ಕಾಗದ, ಒಂದು ಕಟ್ಟು ತಂದು ಅಟ್ಟಕ್ಕೆ ಹಾಕಿ ಸತ್ತಿದ್ದ. ನುಣುಪು ಜಾತಿಯದು. ಅದರ ಮೇಲೆ ಬಳಪ ಎಳೆದೆ ನೋಡಿ, ಕಚ್ಚಿಕೊಂಡುಬಿಡ್ತು. ಕೊಡವಿದರೂ ಬೀಳಲಿಲ್ಲ. ಕಿರುಬೆರಳಲ್ಲಿ ತೀಡಿದರೆ ಬೆರಳ ಚರ್ಮವೂ ಸವೆಯುತ್ತಿತ್ತು, ಆದರೂ ಬಣ್ಣ ಹೋಗುತ್ತಿರಲಿಲ್ಲ. ಗಂಡ ಬಿಟ್ಟು ಹೋದದ್ದರಲ್ಲಿ ಉಪಯೋಗಕ್ಕೆ ಬಂದದ್ದು ಅದೊಂದೇ.

ನನಗೆ ಓದು ಅಷ್ಟಕ್ಕಷ್ಟೆ. ಬಸ್ಸಿನ ಬೋರ್ಡು ಅಕ್ಷರ ಕೂಡಿಸಿ ಓದ್ತೀನಿ. ಬರೆಯೋದು ಇನ್ನೂ ನಿಧಾನ. ಅದಕ್ಕೇ ಚಿತ್ರದ ಹಿಂದೆ ಇಂಥ ಊರು, ಇಂಥ ಜಾಗ ಅಂತ ಬರೆಯುತ್ತಿರಲಿಲ್ಲ. ಗುರುತನ್ನು ಚಿತ್ರದಲ್ಲೇ ಇಡುತ್ತಿದ್ದೆ. ನಾನು ಹುಟ್ಟಿದ್ದು ಚೌಳಹಿರಿಯೂರು ಕಡೆ ಕುರಿ ಕಾಯೋರ ಮನೆಯಲ್ಲಿ. ಅಪ್ಪ ಜಾಗ ಹೇಳುತ್ತಿದ್ದದ್ದು ಹಿಂಗೆ: ವಾಲಿದ ಮರ ದಾಟು, ಬೆನ್ನು ಮುರಿದ ಬಂಡೆ ಬಲಕ್ಕೆ ಬಿಡು, ಕೆಂಪು ಮಣ್ಣು ಬಂದ ಕಡೆ ಎಡಕ್ಕೆ ತಿರುಗು. ನಾನು ಚಿತ್ರ ಬರೆದದ್ದೂ ಹಂಗೇ. ಲಿಂಗದಹಳ್ಳಿ ಆಚೆ ಕಾಡಂಚಲ್ಲಿ ಕಾಟಿ, ಅದೇ ಕಾಡುಕೋಣ, ಬರೆದರೆ, ಕಾಟಿಯ ಬಿಳೀ ಕಾಲುಚೀಲಕ್ಕಿಂತ ಹೆಚ್ಚು ಹೊತ್ತು ಅದರ ಹಿಂದಿನ ಕರೆಂಟು ಕಂಬಕ್ಕೆ ಕೊಡುತ್ತಿದ್ದೆ. ಕಂಬ ಯಾವ ಕಡೆ ವಾಲಿದೆ, ಬಳ್ಳಿ ಎಷ್ಟು ಎತ್ತರ ಹತ್ತಿದೆ, ಎಲ್ಲ. ಮತ್ತೆ ಹೋಗಬೇಕಲ್ಲ? ಚಿತ್ರ ನೋಡಿದರೆ ದಾರಿ ಸಿಗಬೇಕು. ನನಗೆ ಸಿಗೋದು ಇನ್ನೊಬ್ಬರಿಗೂ ಸಿಗುತ್ತೆ ಅಂತ ತಲೆಗೆ ಹೋಗಲೇ ಇಲ್ಲ.

ಆ ವರ್ಷ ಸಂಕ್ರಾಂತಿ ಕಳೆದ ಮೇಲೆ ಅಜ್ಜಂಪುರದ ಬಸ್ಸಲ್ಲಿ ಹೋಗಿ, ಊರು ಇನ್ನೂ ಬರೋದಕ್ಕೆ ಮುಂಚೆಯೇ ಒಂದು ಸ್ಟಾಪಿನಲ್ಲಿ ಇಳಿದು ಕಾವಲಿಗೆ ನಡೆದೆ. ದನ ಮೇಯೋ ಹುಲ್ಲುಗಾವಲು, ಮರ ಕಡಿಮೆ. ನಮ್ಮ ಅಪ್ಪ ಕುರಿ ಹೊಡ್ಕೊಂಡು ಬರುತ್ತಿದ್ದ ಜಾಗ. ಹಳ್ಳದ ಈಚೆ ದಡದಲ್ಲಿ ಪೊದೆ ನೆರಳಿಗೆ ಕೂತೆ. ಹಕ್ಕಿ ಬರೆಯೋಣ ಅಂತ ಕೂತದ್ದು. ಆಚೆ ದಡದ ಕೆಂಪು ದಿಣ್ಣೆಯ ಬುಡದಲ್ಲಿ, ಸೀಳಿದ ಬಂಡೆ ಕೆಳಗೆ ಒಂದು ಬಿಲ. ಅದರೊಳಗಿಂದ ಒಂದು ಮರಿ ತಲೆ ಹಾಕಿತು. ಆಮೇಲೆ ಇನ್ನೊಂದು. ನಾಲ್ಕು. ತಾಯಿ ಹುಲ್ಲಿನೊಳಗೆ ಮಲಗಿತ್ತು. ಎದ್ದಾಗಲೇ ಗೊತ್ತಾದದ್ದು. ಎಡಗಿವಿ ಹರಿದಿತ್ತು.

ತೋಳ. ನಮ್ಮ ಮನೆಯಲ್ಲಿ ಮಂದೆ ಹತ್ತಿರ ಆ ಹೆಸರು ಎತ್ತುತ್ತಿರಲಿಲ್ಲ, "ಅದು" ಅಂತಲೇ ಅನ್ನುತ್ತಿದ್ದರು. ನಾನು ಅಷ್ಟು ಹತ್ತಿರ ನೋಡಿದ್ದು ಅದೇ ಮೊದಲು. ಮೈ ಕಂದು ಅಲ್ಲ, ಬೂದಿ ಅಲ್ಲ, ಒಣಹುಲ್ಲಿನ ಹಳದಿಯೂ ಅಲ್ಲ. ಮೂರನ್ನೂ ಒಂದರ ಮೇಲೊಂದು ಎಳೆದು ತೀಡಿದರೆ ಬರುತ್ತೆ. ನಾಲ್ಕು ಬೆಳಗು ಹೋಗಿ ಕೂತೆ. ಬೆಳಗ್ಗೆ ಎಂಟಕ್ಕೆ ಬಿಸಿಲು ದಿಣ್ಣೆಗೆ ಬೀಳುತ್ತೆ, ಮರಿಗಳು ಬಿಸಿಲಿಗೆ ಬರುತ್ತವೆ, ಒಂದರ ಬಾಲ ಒಂದು ಕಚ್ಚುತ್ತವೆ. ಕಂದು ಬಳಪ ಎರಡೂ ಮುಗಿದವು. ದಿಣ್ಣೆ ಮೇಲೆ ಸಿಡಿಲು ಹೊಡೆದ ಬನ್ನಿ ಮರ ಬರೆದೆ. ಅದರ ಹಿಂದೆ ಗುಡ್ಡದ ಮೇಲೆ ಕರೆಂಟು ತೆಗೆಯೋ ಮೂರು ಗಾಳಿಫ್ಯಾನು. ನಡುವಿನದಕ್ಕೆ ಒಂದು ರೆಕ್ಕೆ ಮುರಿದಿತ್ತು. ಅದನ್ನೂ ಹಂಗೇ, ಎರಡೇ ರೆಕ್ಕೆ ಬರೆದೆ.

ಅಜ್ಜಂಪುರದಲ್ಲಿ ಬಸ್ ಸ್ಟ್ಯಾಂಡ್ ಎದುರು ಒಂದು ಟೀ ಹೋಟ್ಲು. ನಡೆಸೋರು ಸಾಬರು, ನನ್ನ ವಾರಿಗೆಯವರು. ನನ್ನನ್ನು "ಬುಡ್ಡಿಮಾ", ಅಂದರೆ ಮುದುಕಮ್ಮ, ಅಂತ ಕರೆಯೋರು. ನನ್ನ ಚಿತ್ರ ಒಂದೆರಡು ಗೋಡೆಗೆ ಅಂಟಿಸಿದ್ದರು. ಈ ಚಿತ್ರ ತೋರಿಸಿದೆ. ಟೀ ಕುಡಿಯೋಕೆ ಕೂತವರೆಲ್ಲ ಬಗ್ಗಿ ನೋಡಿದರು.

"ಏನಜ್ಜಿ, ಬೀದಿ ನಾಯಿನೂ ಬಿಡಲ್ವಾ?" ಅಂದ ಒಬ್ಬ.

"ಬಾಣಂತಿ ನಾಯಿ ಕಣೋ, ಹೊಟ್ಟೆ ನೋಡು" ಅಂದ ಇನ್ನೊಬ್ಬ. ಎಲ್ಲ ನಕ್ಕರು.

ನಾಯಿ ಅಂತ ಬಿಟ್ಟಿದ್ದರೆ ಮುಗಿದಿತ್ತು. ನನಗೆ ತಡೆಯೋಕಾಗಲಿಲ್ಲ. ನಾಲ್ಕು ಬೆಳಗು ಕೂತು ಕಣ್ಣು ನೋಯಿಸಿಕೊಂಡು ಬರೆದದ್ದು. "ನಾಯಿ ಅಲ್ಲ ಕಣ್ರೋ, ತೋಳ. ಕಣ್ಣು ಕಾಣಲ್ವಾ ನಿಮಗೆ? ಕಾಲು ನೋಡು, ಎಷ್ಟು ಉದ್ದ ಐತೆ" ಅಂದೆ. ನಗು ನಿಂತಿತು. ಸಾಬರು ಚಿತ್ರ ಇಸಕೊಂಡು, "ಬುಡ್ಡಿಮಾ, ಇದನ್ನ ಗಲ್ಲಾ ಹಿಂದೆ ಹಾಕ್ತೀನಿ, ಎಲ್ಲರಿಗೂ ಕಾಣಲಿ" ಅಂದರು. ಹೊಗಳಿದರು, ಕೊಟ್ಟೆ. ಅಷ್ಟೇ.

ಹತ್ತು ದಿನ ಬಿಟ್ಟು ಹೋದೆ. ಬಿಸಿಲೇರಿತ್ತು. ಹೋಟ್ಲೊಳಗೆ ಗಲ್ಲಾ ಮುಂದೆ ನನ್ನ ತಮ್ಮ ನಿಂತಿದ್ದ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಟೀ ಲೋಟ. ಜೊತೆಗೆ ಇನ್ನಿಬ್ಬರು ಕುರಿಯವರು. ಅವನ ಮಂದೆ ಆ ತಿಂಗಳು ಕಾವಲಿನ ಪಕ್ಕ ಕಡಲೆ ಕಿತ್ತ ಹೊಲದಲ್ಲಿ ಬೀಡುಬಿಟ್ಟಿತ್ತು, ಹೊಲದವರಿಗೆ ಗೊಬ್ಬರ ಆಗಲಿ ಅಂತ. ನನಗೆ ಗೊತ್ತಿರಲಿಲ್ಲ. ಅವನು ಚಿತ್ರ ನೋಡುತ್ತಿದ್ದ. ಟೀ ಕುಡಿಯುತ್ತಿರಲಿಲ್ಲ.

"ಅಕ್ಕ, ಇದು ನೀನು ಬರೆದದ್ದಂತೆ."

"ಹೂಂ."

"ಎಲ್ಲಿ ಇದು?"

ಅವನ ಮುಖ ನೋಡಿದರೆ ನಿಜ ಹೇಳೋ ಹಂಗಿರಲಿಲ್ಲ. "ಲಿಂಗದಹಳ್ಳಿ ಕಡೆ. ಕಾಡು" ಅಂದೆ.

ತಮ್ಮ ನಕ್ಕ. "ಲಿಂಗದಹಳ್ಳಿ ಕಾಡಲ್ಲಿ ಗಾಳಿಫ್ಯಾನು ಯಾವಾಗ ನೆಟ್ರಕ್ಕ? ಅದೂ ಒಂದು ರೆಕ್ಕೆ ಮುರಿದದ್ದು? ಆ ಬನ್ನಿ ಮರ ನೋಡು. ಅದರ ಬುಡದಲ್ಲಿ ಅಪ್ಪ ಕಂಬಳಿ ಹಾಸಿ ನಮ್ಮಿಬ್ಬರನ್ನ ಮಲಗಿಸ್ತಿದ್ದ. ನನಗೇ ಸುಳ್ಳು ಹೇಳ್ತೀಯಾ?"

ಅವನ ಮಂದೆಯಲ್ಲಿ ಹದಿನೈದು ದಿನದಲ್ಲಿ ಒಂಬತ್ತು ಕುರಿಮರಿ ಹೋಗಿದ್ದವು. ಮುಂದೆ ನಡೆದು ಮಂದೆ ಎಳೆಯುತ್ತಿದ್ದ ಹಳೇ ಕುರಿಯೂ ಹೋಗಿತ್ತು. ಅದು ಹೋದ ಮೇಲೆ ಉಳಿದವು ಹೊಲದಿಂದ ಹೊಲಕ್ಕೆ ಹೋಗೋಕೂ ಒಪ್ಪುತ್ತಿಲ್ಲ, ಹೆದರಿ ಒಂದರ ಮೇಲೊಂದು ಬೀಳ್ತಾವೆ ಅಂದ. ಬಿಲ ಹುಡುಕಿ ಹುಡುಕಿ ಮೂವರಿಗೂ ಸಾಕಾಗಿತ್ತಂತೆ. ಟೀ ಕುಡಿಯೋಕೆ ಬಂದರೆ ಬಿಲ ಗೋಡೆ ಮೇಲಿತ್ತು.

ನಾನು ಗಲ್ಲಾ ಹಿಂದೆ ನುಗ್ಗಿದೆ. ಚಿತ್ರ ಕಿತ್ತೆ. ಸೆರಗಲ್ಲಿ ಉಜ್ಜಿದೆ. ಹೋಗಲಿಲ್ಲ. ಅಂಗೈಯಲ್ಲಿ ಉಜ್ಜಿದೆ. ಬನ್ನಿ ಮರ ಒಂಚೂರು ಮಸುಕಾಯಿತು, ಅಷ್ಟೇ. ಇನ್ನೂ ಉಜ್ಜಿದೆ. ಅಂಗೈ ಸಿಪ್ಪೆ ಎದ್ದು ರಕ್ತ ಬಂತು. ಅದೂ ಉಪ್ಪುಕಾಗದಕ್ಕೆ ಕಚ್ಚಿಕೊಂಡಿತು.

"ಉಜ್ಜಕ್ಕ, ಉಜ್ಜು" ಅಂದ ತಮ್ಮ. "ನನ್ನ ತಲೇಲಿರೋದನ್ನ ಹೆಂಗೆ ಉಜ್ಜುತೀಯ?"

"ಬಿಡೋ. ಇನ್ನೊಂದು ತಿಂಗಳು. ಮರಿ ಬಲಿತರೆ ಅವೇ ಜಾಗ ಬಿಡ್ತಾವೆ."

"ಇನ್ನೊಂದು ತಿಂಗಳಿಗೆ ನನ್ನ ಮಂದೆ ಜಾಗ ಬಿಟ್ಟಿರ್ತದೆ." ಲೋಟ ಇಟ್ಟ. "ಸಂಜೆ ಮುಂದೆ ಹೋಗ್ತೀವಿ. ಮೆಣಸಿನಕಾಯಿ ಹೊಗೆ ಹಾಕಿ ಕಲ್ಲು ಮುಚ್ತೀವಿ. ನೀನು ಮನೆಗೆ ಹೋಗು." ಬೈಕ್ ಹತ್ತಿ ಹೋದರು.

ಸಾಬರು ತಲೆ ಮೇಲೆ ಕೈ ಹೊತ್ತು ಕೂತರು. ಗೊತ್ತಿದ್ದರೆ ಗೋಡೆಗೆ ಹಾಕುತ್ತಿರಲಿಲ್ಲ ಅಂತ ನಾಲ್ಕು ಸಲ ಹೇಳಿದರು. ಅವರ ತಪ್ಪೇನೂ ಇಲ್ಲ. ಯಾರನ್ನೋ ಹಿಡಿದು ಫಾರೆಸ್ಟ್ ಗಾರ್ಡ್ ನಂಬರ್ ತಗೊಂಡು ಫೋನ್ ಮಾಡಿದರು. ಗಾರ್ಡು ಬೆಟ್ಟದ ಮೇಲೆ ಬೆಂಕಿ ಆರಿಸುತ್ತಿದ್ದರು, ಗಾಳಿ ಸದ್ದಲ್ಲಿ ಮಾತೇ ಕೇಳಿಸುತ್ತಿರಲಿಲ್ಲ. "ನಾಳೆ ಬೆಳಗ್ಗೆ ಬತ್ತೀನಿ" ಅಂದದ್ದು ಮಾತ್ರ ಕೇಳಿಸಿತು. ಬೆಳಗ್ಗೆ ಬಂದು ಮಾಡೋದೇನು?

ನಾನು ಚಿತ್ರ ಚೀಲಕ್ಕೆ ಹಾಕಿಕೊಂಡು ಬೀರೂರು ಬಸ್ಸು ಹತ್ತಿ ಕಾವಲಿನ ಸ್ಟಾಪಿನಲ್ಲಿ ಇಳಿದೆ. ಬೇರೆ ದಿನ ಅರ್ಧ ಗಂಟೆಯಲ್ಲಿ ನಡೆಯುತ್ತಿದ್ದ ದಾರಿ ಆ ದಿನ ಮುಗಿಯಲೇ ಇಲ್ಲ. ಮಂಡಿ ನೋವು. ಚಪ್ಪಲಿ ಹಳ್ಳದ ಮರಳಲ್ಲಿ ಕಿತ್ತುಹೋಯಿತು, ಕೈಯಲ್ಲಿ ಹಿಡಿದು ನಡೆದೆ. ತಲೆಯಲ್ಲಿ ಒಂದೇ ಲೆಕ್ಕ. ಅಪ್ಪ ಹೇಳುತ್ತಿದ್ದ: ಬಿಲದ ಬಾಯಿಗೆ ಮನುಷ್ಯರ ವಾಸನೆ ತಾಗಿದರೆ ತಾಯಿ ಅಲ್ಲಿ ಒಂದು ಗಳಿಗೆ ಇರಲ್ಲ, ಮರಿಗಳ ಕತ್ತು ಕಚ್ಚಿ ಒಂದೊಂದನ್ನೇ ಬೇರೆ ಕಡೆ ಹೊರುತ್ತೆ. ವಾಸನೆ ಹಚ್ಚಬೇಕು. ಸಂಜೆಗೆ ಇನ್ನೂ ಮೂರು ಗಂಟೆ ಇತ್ತು. ನಾಲ್ಕೇ ಮರಿ. ಹೊರಬಹುದು.

ಬಿಲದ ಹತ್ತಿರ ತಾಯಿ ಇರಲಿಲ್ಲ. ಬಗ್ಗಿ ಕಿವಿ ಇಟ್ಟೆ. ಒಳಗೆ ಮರಿ ಕುಯ್ ಅಂದವು. ಬೆವರು ಒರೆಸಿದ ಸೆರಗಿನ ತುದಿ ಹರಿದು ಬಿಲದ ಬಾಯಲ್ಲಿ ತುರುಕಿದೆ. ಕಿತ್ತ ಚಪ್ಪಲಿ ಇಟ್ಟೆ. ಅದೂ ಸಾಲದು ಅನ್ನಿಸಿ, ಹೇಳೋಕೆ ನಾಚಿಕೆ ಏನು, ಬಿಲದ ಸುತ್ತ ಕೂತು ಉಚ್ಚೆ ಹುಯ್ದೆ. ಅರವತ್ತಾರು ವರ್ಷದವಳು, ಮಂಡಿ ಹಿಡಕೊಂಡು, ಹಾಡುಹಗಲು. ಯಾರಾದರೂ ನೋಡಿದ್ದರೆ ಹುಚ್ಚಿ ಅನ್ನುತ್ತಿದ್ದರು.

ಅಷ್ಟು ಮಾಡಿ ಬಂದುಬಿಡಬೇಕಿತ್ತು, ಬರಲಿಲ್ಲ. ಅದೇ ನಾನು ಮಾಡಿದ ಎರಡನೇ ತಪ್ಪು, ಮೊದಲನೆಯದಕ್ಕಿಂತ ದೊಡ್ಡದು. ನಾನು ಹೋದ ಮೇಲೆ ಅವರು ಬೇಗ ಬಂದುಬಿಟ್ಟರೆ ಅಂತ ಭಯ. ನಾನು ಇಲ್ಲಿದ್ದರೆ ತಮ್ಮ ಹೊಗೆ ಹಾಕೋಕೆ ಹಿಂದೆ ಮುಂದೆ ನೋಡ್ತಾನೆ ಅನ್ನಿಸಿತು. ಬಿಲದ ಬಾಯಿಗೆ ಬೆನ್ನು ಕೊಟ್ಟು ಅಡ್ಡ ಕೂತೆ.

ಒಂದು ಗಂಟೆ ಕಳೆದಿರಬೇಕು. ತಲೆ ಎತ್ತಿದೆ. ಎರಡು ಹೊಲದಷ್ಟು ದೂರ, ಹುಲ್ಲಿನೊಳಗೆ ಹರಿದ ಕಿವಿ. ತಾಯಿ ನಿಂತಿತ್ತು. ನನ್ನನ್ನೇ ನೋಡುತ್ತಿತ್ತು. ನಾಲ್ಕು ಹೆಜ್ಜೆ ಬಂತು, ನಿಂತಿತು. ಹಿಂದೆ ಹೋಯಿತು. ಮತ್ತೆ ಬಂತು. ನಾನು ಕೂತಿರೋವರೆಗೆ ಅದು ಬರಲ್ಲ. ಅದು ಗೊತ್ತಾಯಿತು. ಏಳಬೇಕು, ದೂರ ಹೋಗಬೇಕು, ಬೇಗ. ನೆಲಕ್ಕೆ ಕೈಯೂರಿದೆ. ಮಂಡಿ ಹಿಡಿದಿತ್ತು, ಮೊದಲ ಸಲಕ್ಕೆ ಏಳೋಕಾಗಲಿಲ್ಲ. ಬಂಡೆ ಹಿಡಿದು ಎದ್ದು ಹಳ್ಳದ ಕಡೆ ಹತ್ತು ಹೆಜ್ಜೆ ಹಾಕಿದ್ದೆ, ಬೈಕಿನ ಸದ್ದು ಬಂತು. ತಿರುಗಿ ನೋಡಿದೆ. ಹುಲ್ಲಲ್ಲಿ ತಾಯಿ ಇರಲಿಲ್ಲ.

ಸಂಜೆ ಅಂದವರು ಮಧ್ಯಾಹ್ನವೇ ಬಂದಿದ್ದರು. ನಾನು ಹಿಂದೆ ಓಡಿ, ಓಡಿ ಅಂದರೆ ಕುಂಟಿ, ಮತ್ತೆ ಬಿಲದ ಮುಂದೆ ಕೂತೆ.

"ಏಳಕ್ಕ" ಅಂದ ತಮ್ಮ.

"ಏಳಲ್ಲ. ಇವತ್ತೊಂದಿನ ಬಿಡೋ. ತಾಯಿ ಇಲ್ಲೇ ಎಲ್ಲೋ ಐತೆ, ಎತ್ಕೊಂಡು ಹೋಗ್ತದೆ. ಈ ಕಡೆ ಮತ್ತೆ ಬರಲ್ಲ ಕಣೋ."

"ಎತ್ಕೊಂಡು ಎಲ್ಲಿಗೆ ಹೋಗ್ತದೆ? ಪಕ್ಕದ ದಿಣ್ಣೆಗೆ. ಕುರಿಮರಿ ತಿನ್ನೋದು ಬಿಡ್ತದಾ?"

"ನಿನ್ನ ಕಾಲು ಹಿಡಿತೀನಿ."

"ನೀನು ನನ್ನ ಕಾಲು ಹಿಡಿಬ್ಯಾಡ." ಮೆಣಸಿನಕಾಯಿ ಚೀಲ ನೆಲಕ್ಕೆ ಹಾಕಿದ. "ಇವಕ್ಕೆ ನಾಲ್ಕು ದಿನ ಕೂತು ಚಿತ್ರ ಬರೆದೆ. ಊರೂರು ತಿರುಗಿ ಕಾಟಿ ಬರೆದೆ, ಕೊಕ್ಕರೆ ಬರೆದೆ. ಹಟ್ಟೀಲಿ ಹುಟ್ಟಿದೋಳು ನೀನು. ಒಂದು ದಿನ ಒಂದು ಕುರಿ ಬರೆದ್ಯೇನೇ ಅಕ್ಕ? ನನ್ನ ಒಂಬತ್ತು ಮರಿ ಹೆಂಗಿದ್ವು ಅಂತ ಯಾರಾದ್ರೂ ನೋಡಿದ್ರಾ?"

ಒಂದು ಕುರಿಯನ್ನೂ ನಾನು ಬರೆದಿರಲಿಲ್ಲ. ದಿನಾ ನೋಡಿದ್ದನ್ನು ಏನು ಬರೆಯೋದು ಅಂತ ಬಿಟ್ಟಿದ್ದೆ.

ಮೂವರೂ ಸೇರಿ ನನ್ನನ್ನು ಮೂಟೆ ಎತ್ತಿದ ಹಂಗೆ ಎತ್ತಿ ಬದಿಗೆ ಕೂರಿಸಿದರು. ಕಚ್ಚಿದೆ. ತಮ್ಮನ ಮುಂಗೈಗೆ ನನ್ನ ಉಳಿದ ಹಲ್ಲು ಕೂತವು. ಅವನು ಕೈ ಕೊಡವಲಿಲ್ಲ, ನಾನು ಬಿಡೋವರೆಗೆ ಹಂಗೇ ನಿಂತ. ಆಮೇಲೆ ಒಣಹುಲ್ಲು, ಮೆಣಸಿನಕಾಯಿ, ಹಸಿ ಸೊಪ್ಪು ಬಿಲಕ್ಕೆ ತುರುಕಿ ಬೆಂಕಿ ಕೊಟ್ಟರು. ಹೊಗೆ ಒಳಗೆ ಎಳೀತು. ಕಲ್ಲು ಮುಚ್ಚಿದರು, ಸಂದಿಗೆ ಮುಳ್ಳು ಬಡಿದರು. ನಾವು ನಾಲ್ವರೂ ಕೆಮ್ಮುತ್ತಿದ್ದೆವು. ಒಳಗೂ ಕೆಮ್ಮಿದ ಹಂಗೆ ಸದ್ದು ಬಂತು. ಆಮೇಲೆ ನಿಂತಿತು. ಎಷ್ಟು ಹೊತ್ತಿಗೆ ನಿಂತಿತು ಅಂತ ನನಗೆ ಗೊತ್ತಿದೆ, ಹೇಳಲ್ಲ.

ತಮ್ಮ ತನ್ನ ಬಾಟ್ಲಿ ನೀರು ಕೊಟ್ಟ. ಕುಡಿದೆ. ಬಾಯಾರಿತ್ತು. ಅವನು ಬಿಲದ ಕಡೆ ನೋಡುತ್ತಿರಲಿಲ್ಲ. "ಮಂದೆ ಹತ್ರ ಬಾ, ಮುದ್ದೆ ಐತೆ" ಅಂದ. ಬೇಡ ಅಂದೆ. ಬೈಕಲ್ಲಿ ಸ್ಟಾಪಿನವರೆಗೆ ಬಿಟ್ಟ. ಬಸ್ಸು ಬಂದಾಗ ನನ್ನ ಬರಿಗಾಲು ನೋಡಿ ತನ್ನ ಚಪ್ಪಲಿ ಬಿಟ್ಟುಕೊಟ್ಟ. ಹಾಕಿಕೊಂಡೆ. ಗಾರ್ಡು ಆಮೇಲೆ ಬಂದು ವಿಚಾರಿಸಿದಾಗ ನಾನು ಯಾರ ಹೆಸರೂ ಹೇಳಲಿಲ್ಲ. ಸತ್ಯ ಹೇಳೋದಾದರೆ ಮೊದಲು ನನ್ನ ಹೆಸರು ಹೇಳಬೇಕಿತ್ತು.

ಮನೆಗೆ ಬಂದು ಕೈ ತೊಳೆಯದೇ ಬಿದ್ದುಕೊಂಡೆ. ಕಣ್ಣು ಮುಚ್ಚಿದರೆ ಒಂದೇ ಯೋಚನೆ. ಅಟ್ಟದಲ್ಲಿ ಇನ್ನೂ ನಲವತ್ತು ಚಿತ್ರ ಇವೆ. ಕಾಟಿ ನೀರು ಕುಡಿಯೋ ಜಾಗ. ಆನೆ ರಸ್ತೆ ದಾಟೋ ತಿರುವು. ನವಿಲು ಮೊಟ್ಟೆ ಇಟ್ಟ ಪೊದೆ. ಕೆರೆಯ ಯಾವ ಮೂಲೆಗೆ ಹಕ್ಕಿ ಇಳಿಯುತ್ತವೆ. ಎಲ್ಲದಕ್ಕೂ ದಾರಿ ಬರೆದಿಟ್ಟಿದ್ದೆ, ನಾನೇ. ಉಜ್ಜಿದರೆ ಹೋಗಲ್ಲ. ಸುಡೋಣ ಅಂದುಕೊಂಡೆ. ಹೊಗೆ ಸಾಕಾಗಿತ್ತು.

ಬೆಳಗ್ಗೆ ಎದ್ದು ಕಾಫಿ ಕೂಡ ಕಾಯಿಸದೆ ಎಲ್ಲ ಚಿತ್ರ ನೆಲಕ್ಕೆ ಹರಡಿದೆ. ಅಂಗೈಗೆ ಬಟ್ಟೆ ಸುತ್ತಿಕೊಂಡೆ. ಉಜ್ಜೋಕಾಗದ್ದರ ಮೇಲೆ ಸುಳ್ಳು ಬರೆಯೋಕೆ ಕೂತೆ. ಕಾಟಿಯ ಹಿಂದಿನ ವಾಲಿದ ಕಂಬವನ್ನು ತೆಂಗಿನ ಮರ ಮಾಡಿದೆ. ಆನೆ ದಾರಿಗೆ ಅಡ್ಡ ರೈಲು ಕಂಬಿ ಎಳೆದೆ. ಮತ್ತೆ ಬರೆದಿದ್ದ ತರೀಕೆರೆಯ ಕೆರೆಯಾಚೆ ಇಲ್ಲದ ಗುಡ್ಡ ಎಬ್ಬಿಸಿದೆ. ನವಿಲಿನ ಪೊದೆ ಮೇಲೆ ಮನೆ ಕಟ್ಟಿ ಹೆಂಚು ಹೊದಿಸಿದೆ. ಇಷ್ಟು ದಿನ ಹೆಚ್ಚು ಮುಟ್ಟದ ನೀಲಿಯನ್ನು ಅವತ್ತು ಮುಗಿಸಿದೆ, ನೀರಿಲ್ಲದ ಕಡೆಯೆಲ್ಲ ನೀರು ಹರಿಸಿ. ಮುಗಿಯೋ ಹೊತ್ತಿಗೆ ಯಾವ ಚಿತ್ರ ಯಾವ ಊರಿನದು ಅಂತ ನನಗೇ ತಿಳಿಯದಂತಾಗಿತ್ತು. ನಾನೂ ಮತ್ತೆ ಅಲ್ಲಿಗೆ ಹೋಗಲಾರೆ.

ಕೊನೆಗೆ ತೋಳದ ಚಿತ್ರ. ರಕ್ತ ಒಣಗಿ ದಿಣ್ಣೆಯ ಬಣ್ಣಕ್ಕೇ ಸೇರಿಹೋಗಿತ್ತು. ಸಿಡಿಲು ಹೊಡೆದ ಬನ್ನಿ ಮರಕ್ಕೆ ಎಲೆ ಹಚ್ಚಿದೆ. ನಡುವಿನ ಗಾಳಿಫ್ಯಾನಿಗೆ ಮೂರನೇ ರೆಕ್ಕೆ ಕೊಟ್ಟೆ. ಬಿಲದ ಬಾಯಿ ಮುಚ್ಚೋಣ ಅಂತ ನೋಡಿದರೆ ಕಂದು ಮುಗಿದಿತ್ತು. ಹಂಗೇ ಬಿಟ್ಟೆ. ಡಬ್ಬಿಯಲ್ಲಿ ಉಳಿದ ನುಚ್ಚನ್ನು ಪಕ್ಕದ ಮನೆಯ ಕೋಳಿಗೆ ಸುರಿದೆ. ಬಣ್ಣ ಹತ್ತಿದ ನುಚ್ಚು. ಕೋಳಿ ಕಾಲಲ್ಲಿ ಕೆದಕಿ, ಒಂದು ಕಾಳೂ ಮುಟ್ಟದೆ ಹೋಯಿತು.